ಲೆಕ್ಕಕ್ಕುಂಟು, ಆಟಕ್ಕಿಲ್ಲ

ನನ್ನ ಗೂಗಲ್ ಡ್ರೈವ್‌ನಲ್ಲಿ ಒಂದು ಸ್ಪ್ರೆಡ್‌ಶೀಟ್ ಇದೆ. ಡಿಲೀಟ್ ಮಾಡೋಣ ಅಂತ ಎಷ್ಟೋ ಸಲ ತೆರೆದಿದ್ದೇನೆ, ಪ್ರತಿ ಸಲವೂ ಹಾಗೇ ಮುಚ್ಚಿದ್ದೇನೆ. ಅದರಲ್ಲಿರೋದು ಮನೆ ಸಾಲದ ಲೆಕ್ಕ ಅಲ್ಲ. ನಾನು ಜನ್ಮದಲ್ಲಿ ಒಮ್ಮೆಯೂ ಭೇಟಿಯಾಗದ ಹುಡುಗರಿಗೆ ನಾನು ಕೊಟ್ಟ ಮಾರ್ಕ್ಸು! ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್ ಅನ್ನೋ ಫುಟ್‌ಬಾಲ್ ತಂಡ ಪ್ರತಿ ಏಪ್ರಿಲ್‌ನಲ್ಲಿ ಯಾರ್ಯಾರನ್ನು ಆರಿಸಿಕೊಂಡಿತು, ನನ್ನ ಪ್ರಕಾರ ಯಾರು 'ಎ', ಯಾರು 'ಬಿ', ಯಾರು ದಂಡ. 2022ರ ಹಾಳೆಯ ಕಟ್ಟಕಡೆಯ ಸಾಲು ಹೀಗಿದೆ: "ಬ್ರಾಕ್ ಪರ್ಡಿ, ಕ್ವಾರ್ಟರ್‌ಬ್ಯಾಕ್, ಐಯೊವಾ ಸ್ಟೇಟ್. ಗ್ರೇಡ್: ಡಿ. ಯಾಕೆ ಬೇಕಿತ್ತು?"

ಅದೇ ಪರ್ಡಿ ಎರಡು ವರ್ಷದೊಳಗೆ ತಂಡವನ್ನು ಸೂಪರ್ ಬೌಲ್ ತನಕ ಕರೆದುಕೊಂಡು ಹೋದ. ಆದರೆ ನಾನು ಹೇಳಹೊರಟಿರೋದು ಪರ್ಡಿಯ ಕಥೆಯಲ್ಲ. ಅವನ ಕಥೆ ಎಲ್ಲರಿಗೂ ಇಷ್ಟ. ಹೇಳಬೇಕಿರೋದು ಒಂದು ಹಾಳೆ ಹಿಂದಕ್ಕೆ ಹೋದರೆ ಸಿಗೋ ಇನ್ನೊಬ್ಬ ಹುಡುಗನ ಬಗ್ಗೆ.

ನಾನು ಶಿವಮೊಗ್ಗದವನು. ಎಂಎಸ್ ಮುಗಿಸಿ ಕೆಲಸಕ್ಕೆ ಅಂತ ಸನ್ನಿವೇಲ್‌ಗೆ ಬಂದಾಗ ಫೋರ್ಟಿನೈನರ್ಸ್ ಆಡೋ ಲೀವೈಸ್ ಸ್ಟೇಡಿಯಂ ಪಕ್ಕದ ಸ್ಯಾಂಟಾ ಕ್ಲಾರಾದಲ್ಲೇ ಇತ್ತು. ಆರ್‌ಸಿಬಿ ಮ್ಯಾಚು ಇಲ್ಲಿ ಬೆಳಗಿನ ಹೊತ್ತು ಬರುತ್ತೆ. ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಕೂತು ಸ್ಕೋರ್ ನೋಡೋದರಲ್ಲಿ ಏನು ಮಜಾ? ಸಂಜೆ ಹೊತ್ತು ಬೈಯೋಕೆ ಒಂದು ತಂಡ ಬೇಕಿತ್ತು, ಸಿಕ್ಕಿತು. ಬೈಯೋ ವಿದ್ಯೆಯನ್ನಂತೂ ಹೊಸದಾಗಿ ಕಲಿಯಬೇಕಿರಲಿಲ್ಲ. 2018ರಲ್ಲಿ ಆರ್‌ಸಿಬಿಯವರು ಕೆ. ಎಲ್. ರಾಹುಲ್‌ನನ್ನು ಬಿಟ್ಟು ಸರ್ಫರಾಜ್ ಖಾನ್‌ನನ್ನು ಉಳಿಸಿಕೊಂಡಾಗ ಆಗಲೇ ಪಿಎಚ್‌ಡಿ ಮುಗಿದಿತ್ತು.

ಆದರೆ ಡ್ರಾಫ್ಟ್ ಅನ್ನೋದು ಐಪಿಎಲ್ ಹರಾಜಿನಂತಲ್ಲ. ನಮ್ಮ ಸಿಇಟಿ ಕೌನ್ಸೆಲಿಂಗನ್ನು ಉಲ್ಟಾ ಮಾಡಿ ನೋಡಿ, ಅರ್ಥವಾಗುತ್ತೆ. ಹುಡುಗರು ಕಾಲೇಜು ಆರಿಸೋದಲ್ಲ, ಕಾಲೇಜುಗಳೇ ಸಾಲಲ್ಲಿ ನಿಂತು ಹುಡುಗರನ್ನು ಆರಿಸೋದು. ಕಳೆದ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. 32 ತಂಡ, 7 ಸುತ್ತು. ಎಲ್ಲಿಗೆ ಹೋಗಬೇಕು, ಯಾವ ಕೋಚ್ ಕೆಳಗೆ ಆಡಬೇಕು ಅಂತ ಹುಡುಗನನ್ನು ಯಾರೂ ಕೇಳಲ್ಲ. ತಂಡಗಳು ಮಾತ್ರ ಸಾಲಿನ ಜಾಗವನ್ನು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳಬಹುದು. ಯಾವ ಜಾಗಕ್ಕೆ ಎಷ್ಟು ಬೆಲೆ ಅನ್ನೋದಕ್ಕೆ 1990ರ ದಶಕದ ಆರಂಭದಲ್ಲಿ ಡಲ್ಲಾಸ್ ತಂಡದ ಕೋಚ್ ಜಿಮ್ಮಿ ಜಾನ್ಸನ್ ಬಳಸಿದ ಒಂದು ಪಟ್ಟಿ ಇದೆ. ಮೊದಲ ಜಾಗಕ್ಕೆ 3000 ಅಂಕ, ಮೂರನೆಯದಕ್ಕೆ 2200, ಹನ್ನೆರಡನೆಯದಕ್ಕೆ 1200. ಎಂಜಿನಿಯರ್ ಕೈಗೆ ಇಂಥ ಪಟ್ಟಿ ಕೊಟ್ಟರೆ ಮುಗೀತು. ನನ್ನ ಸ್ಪ್ರೆಡ್‌ಶೀಟ್ ಹುಟ್ಟಿದ್ದೇ ಹಾಗೆ.

2021ರ ಮಾರ್ಚ್‌ನಲ್ಲಿ ಫೋರ್ಟಿನೈನರ್ಸ್ ಹನ್ನೆರಡನೇ ಜಾಗದಿಂದ ಮೂರನೇ ಜಾಗಕ್ಕೆ ಜಿಗಿಯಿತು. ಅದಕ್ಕೆ ಮಯಾಮಿ ತಂಡಕ್ಕೆ ಕೊಟ್ಟಿದ್ದು ಆ ವರ್ಷದ ಮೊದಲ ಸುತ್ತಿನ ಆಯ್ಕೆ, 2022ರ ಮೊದಲ ಸುತ್ತಿನದು, 2023ರ ಮೊದಲ ಸುತ್ತಿನದು, ಮೇಲೊಂದು ಮೂರನೇ ಸುತ್ತಿನದು. ಊರಲ್ಲಿ ಹೇಳೋ ಹಾಗೆ, ತೋಟ, ಗದ್ದೆ, ಮನೆ ಎಲ್ಲ ಅಡ ಇಟ್ಟು ಒಂದು ಜೋಡಿ ಎತ್ತು ತಂದ ಹಾಗೆ. ತರೋದು ಕ್ವಾರ್ಟರ್‌ಬ್ಯಾಕ್ ಅನ್ನೋದು ಖಚಿತ. ಯಾರನ್ನು ಅನ್ನೋದು ಒಂದು ತಿಂಗಳು ಯಾರಿಗೂ ಗೊತ್ತಿಲ್ಲ.

ಆ ಒಂದು ತಿಂಗಳು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬೇರೆ ಮಾತೇ ಇಲ್ಲ. ಹಾಸನದ ಗೆಳೆಯ ಮ್ಯಾಕ್ ಜೋನ್ಸ್ ಪಕ್ಷ: "ಲೋ, ಕೋಚ್ ಶಾನಹನ್‌ಗೆ ಹೇಳಿದ ಮಾತು ಕೇಳೋನು ಬೇಕು ಕಣೋ, ಅಷ್ಟೆ." ನಾನು ಜಸ್ಟಿನ್ ಫೀಲ್ಡ್ಸ್ ಪಕ್ಷ. ಏಪ್ರಿಲ್ 29ರ ಸಂಜೆ ಕರೆದ ಹೆಸರು ಟ್ರೇ ಲ್ಯಾನ್ಸ್. ಇಪ್ಪತ್ತು ವರ್ಷದ ಹುಡುಗ. ನಾರ್ತ್ ಡಕೋಟ ಸ್ಟೇಟ್ ಅನ್ನೋ, ದೊಡ್ಡ ಲೀಗಿನಲ್ಲಿ ಆಡದ ಕಾಲೇಜು. 2019ರಲ್ಲಿ ಒಂದು ಪೂರ್ತಿ ಸೀಸನ್ ಆಡಿದ್ದ: 28 ಟಚ್‌ಡೌನ್ ಎಸೆತ, ಎದುರಾಳಿ ಕೈಗೆ ಒಂದೂ ಸಿಕ್ಕಿರಲಿಲ್ಲ. 2020ರಲ್ಲಿ ಕೋವಿಡ್, ಒಂದೇ ಆಟ. ಕಾಲೇಜಿನ ಒಟ್ಟು ಲೆಕ್ಕ 17 ಸ್ಟಾರ್ಟ್, ಅಷ್ಟೇ.

ಮಜಾ ಅಂದರೆ, ವಾರದೊಳಗೆ ನಮ್ಮ ಗ್ರೂಪಿನಲ್ಲಿ ಎಲ್ಲರೂ "ನಾನು ಮೊದಲಿಂದಲೂ ಲ್ಯಾನ್ಸ್ ಅಂತಲೇ ಹೇಳ್ತಿದ್ದೆ" ಅನ್ನೋಕೆ ಶುರು ಮಾಡಿದರು. ನನ್ನ ಹಾಳೆಯಲ್ಲೂ 'ಸಿ ಪ್ಲಸ್' ಇದ್ದದ್ದು 'ಎ ಮೈನಸ್' ಆಯಿತು. ಎಡಿಟ್ ಹಿಸ್ಟರಿಯಲ್ಲಿ ತಾರೀಖು ಸಮೇತ ಇದೆ, ಸುಳ್ಳು ಹೇಳೋ ಹಾಗಿಲ್ಲ.

ಅದೇ ಜೂನ್‌ನಲ್ಲಿ ನಾನೂ ಕಂಪನಿ ಬದಲಿಸಿದೆ. ಟೆಕ್ ಕಂಪನಿಗಳು ಕಂಡ ಕಂಡವರನ್ನೆಲ್ಲ ಎಳೆದುಕೊಳ್ಳುತ್ತಿದ್ದ ಕಾಲ ಅದು. ಸಂಬಳ, ಷೇರು, ಜಾಯಿನಿಂಗ್ ಬೋನಸ್ ಕೇಳಿ ಅಮ್ಮ ಫೋನಿನಲ್ಲಿ, "ಅಷ್ಟೊಂದು ಯಾಕೆ ಕೊಡ್ತಾರೆ ಮಗಾ? ಅಷ್ಟೆಲ್ಲ ಕೆಲಸ ಇರತ್ತಾ?" ಅಂದಳು. ನಕ್ಕುಬಿಟ್ಟೆ. ನಾನು ಕೇಳಿದ ಬೆಲೆಯಲ್ಲ ಅದು, ಅವರೇ ಹೇಳಿದ್ದು. ಬೇಡ ಅನ್ನೋಕೆ ನನಗೇನು ಹುಚ್ಚೇ?

2022ರ ಸೆಪ್ಟೆಂಬರ್ 18. ಲ್ಯಾನ್ಸ್‌ಗೆ ಅದು ಫೋರ್ಟಿನೈನರ್ಸ್ ಪರವಾಗಿ ನಾಲ್ಕನೇ ಸ್ಟಾರ್ಟ್. ಸಿಯಾಟಲ್ ವಿರುದ್ಧ ಮೊದಲ ಕ್ವಾರ್ಟರಿನಲ್ಲೇ ಚೆಂಡು ಹಿಡಿದು ಮಧ್ಯಕ್ಕೆ ನುಗ್ಗಿದ, ಬಿದ್ದ, ಮೇಲೇಳಲಿಲ್ಲ. ಬಲಗಾಲಿನ ಹರಡು ಮುರಿದಿತ್ತು. ಗಾಡಿಯಲ್ಲಿ ಕೂರಿಸಿ ಕರೆದುಕೊಂಡು ಹೋದರು. ಬದಲಿಗೆ ಹಳೆಯ ಜಿಮ್ಮಿ ಗರೋಪೊಲೊ ಮೈದಾನಕ್ಕೆ ಇಳಿದ. ನಮ್ಮ ಹಾಲ್‌ನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಜಿಮ್ಮಿಗಾಗಿ ತಟ್ಟಿದ್ದು ಅಂತ ಇವತ್ತು ಹೇಳಬಹುದು. ಆದರೆ ಟಿವಿಯಲ್ಲಿ ಆ ಹುಡುಗನ ಗಾಡಿ ಇನ್ನೂ ಒಳಗೆ ಹೋಗಿರಲಿಲ್ಲ.

ಡಿಸೆಂಬರ್ 4ಕ್ಕೆ ಮಯಾಮಿ ವಿರುದ್ಧ ಜಿಮ್ಮಿಯ ಪಾದವೂ ಮುರಿಯಿತು. ಉಳಿದವನು ಪರ್ಡಿ. ಆ ವರ್ಷದ ಡ್ರಾಫ್ಟಿನ 262ನೇ ಆಯ್ಕೆ, ಅಂದರೆ ಎಲ್ಲರಿಗಿಂತ ಕೊನೆಯವನು. ಕೊನೆಯವನಿಗೆ ಇಲ್ಲಿ 'ಮಿಸ್ಟರ್ ಇರೆಲೆವೆಂಟ್' ಅಂತ ಬಿರುದು ಕೊಟ್ಟು ತಮಾಷೆ ಮಾಡೋ ಸಂಪ್ರದಾಯ 1976ರಿಂದ ನಡೆದುಬಂದಿದೆ. ನಮ್ಮ ಭಾಷೆಯಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ. ಆಟಕ್ಕಿಳಿದ ಪರ್ಡಿ ಗೆಲ್ಲುತ್ತಲೇ ಹೋದ. ಆ ವರ್ಷದ ಮಾಮೂಲಿ ಸೀಸನ್ ಮುಗಿಯೋ ತನಕ ತಂಡ ಮತ್ತೆ ಸೋಲಲೇ ಇಲ್ಲ. ಪ್ಲೇಆಫ್‌ನಲ್ಲಿ ಸಿಯಾಟಲ್, ಡಲ್ಲಾಸ್ ಎರಡನ್ನೂ ಹೊಡೆದುಹಾಕಿತು.

ಹಾಗಾದರೆ ಲ್ಯಾನ್ಸ್? ಅವನು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಯಾವ ಚರ್ಚೆ ಎತ್ತಿದರೂ ಅವನ ಹೆಸರಿನ ಹಿಂದೆ ಆ ಮೂರು ಮೊದಲ ಸುತ್ತಿನ ಆಯ್ಕೆಗಳು ಬಾಲದ ಹಾಗೆ ಅಂಟಿಕೊಂಡಿದ್ದವು. ನಾವು ಕೊಟ್ಟ ಆ ಹನ್ನೆರಡನೇ ಜಾಗ ಕೈಯಿಂದ ಕೈಗೆ ದಾಟಿ ಕೊನೆಗೆ ಡಲ್ಲಾಸ್‌ಗೆ ಸಿಕ್ಕಿ, ಅಲ್ಲಿ ಅವರು ಮೈಕಾ ಪಾರ್ಸನ್ಸ್‌ನನ್ನು ತೆಗೆದುಕೊಂಡಿದ್ದರು. ಅವನು ಎದುರಾಳಿಯನ್ನು ಕೆಡವಿದಾಗಲೆಲ್ಲ ನಮ್ಮ ಗ್ರೂಪಿನಲ್ಲಿ ಲ್ಯಾನ್ಸ್‌ಗೆ ಒಂದು ಬೈಗುಳ.

2023ರ ಜನವರಿ ಕೊನೆಯ ವಾರ, ಒಂದು ಬೆಳಿಗ್ಗೆ ಎದ್ದಾಗ ನನ್ನ ಆಫೀಸ್ ಲ್ಯಾಪ್‌ಟಾಪ್ ಲಾಗಿನ್ ಆಗಲಿಲ್ಲ. ಪಾಸ್‌ವರ್ಡ್ ಮರೆತೆನಾ ಅಂತ ಮೂರು ಸಲ ಹಾಕಿ ನೋಡಿದೆ. ಪರ್ಸನಲ್ ಮೇಲ್‌ಗೆ ಒಂದು ಪತ್ರ ಬಂದಿತ್ತು. ಇದು ನಿಮ್ಮ ಕೆಲಸದ ಗುಣಮಟ್ಟಕ್ಕೆ ಸಂಬಂಧಪಟ್ಟ ನಿರ್ಧಾರವಲ್ಲ ಅಂತ ಬರೆದಿದ್ದರು. ಎಚ್-1ಬಿ ಮೇಲಿರುವವರಿಗೆ ಕೆಲಸ ಹೋದರೆ 60 ದಿನ. ಅಷ್ಟರಲ್ಲಿ ಹೊಸ ಕಂಪನಿ, ಇಲ್ಲ ಬೇರೆ ದಾರಿ, ಇಲ್ಲ ಊರು. ಹೆಂಡತಿಯ ವೀಸಾ ನನ್ನ ವೀಸಾಕ್ಕೆ ಗಂಟು ಹಾಕಿಕೊಂಡಿತ್ತು. ಅವಳಿಗೆ ಹೇಳಿದೆ. ಅಮ್ಮನಿಗೆ ಹೇಳಲಿಲ್ಲ, ಗೆಳೆಯರಿಗೂ ಹೇಳಲಿಲ್ಲ.

ಆ ಭಾನುವಾರ, ಜನವರಿ 29, ಫಿಲಡೆಲ್ಫಿಯಾ ವಿರುದ್ಧ ಮ್ಯಾಚು. ಗೆದ್ದರೆ ಸೂಪರ್ ಬೌಲ್. ಹೋಗದೆ ಇದ್ದರೆ ಅನುಮಾನ ಬರುತ್ತೆ ಅಂತ ಹೆಂಡತಿ ಮಾಡಿದ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಹಾಸನದ ಗೆಳೆಯನ ಮನೆಗೆ ಹೋದೆವು. ಶುರುವಿನಲ್ಲೇ ಪರ್ಡಿಯ ಮೊಣಕೈಗೆ ಪೆಟ್ಟು. ಬದಲಿಗೆ ಬಂದ ಜಾಷ್ ಜಾನ್ಸನ್ ತಲೆಗೆ ಪೆಟ್ಟು ತಿಂದು ಅವನೂ ಹೊರಗೆ. ಎಸೆಯಲಾಗದ ಕೈ ಇಟ್ಟುಕೊಂಡು ಪರ್ಡಿಯೇ ಮತ್ತೆ ಒಳಗೆ. 31-7. ಹಾಲ್ ಪೂರ್ತಿ ಸೂತಕ.

ಸಿಟ್ಟು ತೀರಿಸಿಕೊಳ್ಳೋಕೆ ಯಾರಾದರೂ ಬೇಕಿತ್ತು. ಆ ದಿನ ಆಡಿಯೇ ಇಲ್ಲದ ಲ್ಯಾನ್ಸ್ ಸಿಕ್ಕ. "ಅಷ್ಟು ಕೊಟ್ಟು ತಂದ್ರಲ್ಲ ಗುರೂ, ಏನು ಕಿಸಿದ ಅವನು?" ಅಂತ ಒಬ್ಬ. ಮಾತು ಹಾಗೇ ಜಾರಿ ಲೇಆಫ್ ಕಡೆಗೆ ಬಂತು. ಎಲ್ಲರೂ ಅದೇ ಮಾತಾಡುತ್ತಿದ್ದ ತಿಂಗಳು ಅದು. ಅದೇ ಗೆಳೆಯ, ಅದೇ ದನಿಯಲ್ಲಿ ಅಂದ: "ಇಪ್ಪತ್ತೊಂದರಲ್ಲಿ ಬಾಯಿಗೆ ಬಂದಷ್ಟು ಕೊಟ್ಟು ತಗೊಂಡಿದ್ರಲ್ಲ, ಅವರನ್ನೇ ತೆಗೀತಿರೋದು. ಅಷ್ಟು ಬೆಲೆ ಎಲ್ಲಿ ಬಾಳ್ತಿದ್ರು ಅವರು?"

ನನ್ನ ಕೈಯಲ್ಲಿ ಚಿತ್ರಾನ್ನದ ತಟ್ಟೆ. ಹೆಂಡತಿ ಅಡುಗೆಮನೆ ಬಾಗಿಲಿಂದ ಒಂದು ಕ್ಷಣ ನನ್ನ ಕಡೆ ನೋಡಿ ಮುಖ ತಿರುಗಿಸಿಕೊಂಡಳು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾಕೆ ಬರಬೇಕು? ಆ ಮಾತು ನಾನು ಲ್ಯಾನ್ಸ್ ಬಗ್ಗೆ ನಾಲ್ಕು ತಿಂಗಳಿಂದ ಹೇಳಿದ್ದೇ ಆಗಿತ್ತು. ಬೆಲೆ ಕಟ್ಟಿದವರು ಶಾನಹನ್ ಮತ್ತು ಮ್ಯಾನೇಜರ್ ಜಾನ್ ಲಿಂಚ್. ಹುಡುಗ ಮಾಡಿದ್ದು ಇಷ್ಟೇ, ಹೆಸರು ಕರೆದಾಗ ಎದ್ದು ಬಂದ. ಹರಡು ಮುರಿದರೆ ಬೆಲೆ ಕಟ್ಟಿದವರ ತಪ್ಪು ಅವನ ಲೆಕ್ಕಕ್ಕೆ ಬರೆದುಬಿಟ್ಟೆವು.

ಇನ್ನೊಂದು ಮಾತಿದೆ, ಇದನ್ನು ಹೇಳದೆ ಬಿಟ್ಟರೆ ನಾನು ಪಾಪದವನಾಗಿ ಉಳಿದುಬಿಡುತ್ತೇನೆ. ಹಿಂದಿನ ಡಿಸೆಂಬರ್‌ನಲ್ಲಿ ನಮ್ಮ ಆಫೀಸಿನಲ್ಲಿ ಎಲ್ಲರನ್ನೂ ಮೇಲೆ ಕೆಳಗೆ ಜೋಡಿಸೋ ಮೀಟಿಂಗ್ ನಡೆದಿತ್ತು. ಬೇರೆ ಟೀಮಿನ ಒಬ್ಬ ಹುಡುಗಿಯ ಹೆಸರು ಬಂದಾಗ ನನ್ನ ಅಭಿಪ್ರಾಯ ಕೇಳಿದರು. ಅವಳ ಜೊತೆ ನಾನು ಕೆಲಸ ಮಾಡಿದ್ದು ಎರಡು ವಾರ. "ಅಷ್ಟಕ್ಕಷ್ಟೆ" ಅಂದೆ. ಡ್ರಾಫ್ಟ್ ದಿನ ಟಿವಿ ಮುಂದೆ ಹೇಳೋ ಅಷ್ಟೇ ಸಲೀಸಾಗಿ ಹೇಳಿದೆ. ಜನವರಿಯ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ನನ್ನ ಒಂದು ಪದದಿಂದಲೇ ಹೋಯಿತು ಅಂತ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಆ ಪದ ಹೇಳಿದವನು ನಾನೇ. ನನಗೆ ಕೆಲಸ ಸಿಕ್ಕಿದ್ದು 51ನೇ ದಿನ. ಸಿಕ್ಕಿದ ಮೇಲೆ ಅವಳಿಗೆ ಮೆಸೇಜ್ ಮಾಡಿ, ನಮ್ಮ ಹೊಸ ಕಂಪನಿಯಲ್ಲಿ ಜಾಗ ಇದೆ, ಹೆಸರು ಕೊಡಲಾ ಅಂತ ಕೇಳಿದೆ. "ಥ್ಯಾಂಕ್ಸ್, ನನಗೆ ಸಿಕ್ಕಿದೆ" ಅಂತ ಉತ್ತರ ಬಂತು. ಡಿಸೆಂಬರ್‌ನ ವಿಷಯ ನಾನು ಎತ್ತಲಿಲ್ಲ. ಧೈರ್ಯ ಸಾಲಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಅಮೆರಿಕನ್ ಅಜ್ಜ ಇದ್ದಾರೆ, ತಂಡ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಆಡುತ್ತಿದ್ದ ಕಾಲದ ಅಭಿಮಾನಿ. ಅವರಿಗೆ ಈ ಕಥೆ ಹೇಳಿದಾಗ ಅಲೆಕ್ಸ್ ಸ್ಮಿತ್ ಹೆಸರು ತೆಗೆದರು. 2005ರ ಮೊದಲ ಆಯ್ಕೆ. ಅವನಿಗೂ ಆಗ ಇಪ್ಪತ್ತು ವರ್ಷ. ತಂಡ ಬಿಟ್ಟ ಆರನ್ ರಾಜರ್ಸ್ ಪಕ್ಕದ ಬರ್ಕ್ಲಿಯಲ್ಲೇ ಆಡುತ್ತಿದ್ದವನು. 24ನೆಯವನಾಗಿ ಗ್ರೀನ್ ಬೇಗೆ ಹೋಗಿ ದೊಡ್ಡ ಆಟಗಾರನಾದ. ಸ್ಮಿತ್‌ಗೆ ಹೆಚ್ಚೂಕಡಿಮೆ ವರ್ಷಕ್ಕೊಬ್ಬ ಹೊಸ ಕೋಆರ್ಡಿನೇಟರ್, ಭುಜಕ್ಕೆ ಆಪರೇಷನ್, ತನ್ನ ಊರಿನ ಜನರಿಂದಲೇ ಕೂಗಾಟ. "ನಾನೂ ಕೂಗಿದ್ದೆ" ಅಂದರು ಅಜ್ಜ. 2012ರ ಜನವರಿಯಲ್ಲಿ ಅದೇ ಸ್ಮಿತ್ ಕೊನೆಯ ಕ್ಷಣಗಳಲ್ಲಿ ವರ್ನನ್ ಡೇವಿಸ್‌ಗೆ ಎಸೆದು ನ್ಯೂ ಆರ್ಲಿಯನ್ಸ್ ತಂಡವನ್ನು ಸೋಲಿಸಿದಾಗ ಅಜ್ಜ ಅತ್ತರಂತೆ. ಖುಷಿಗಾ, ನಾಚಿಕೆಗಾ ಅಂತ ನಾನು ಕೇಳಲಿಲ್ಲ.

ಅಭಿಮಾನಿಗಳು ಯಾವಾಗಲೂ ತಪ್ಪು ಅಂತ ನಾನು ಹೇಳುತ್ತಿಲ್ಲ. 2023ರಲ್ಲಿ ಮೂರನೇ ಸುತ್ತಿನಲ್ಲಿ ಒಬ್ಬ ಕಿಕ್ಕರನ್ನು, ಜೇಕ್ ಮೂಡಿಯನ್ನು, ತೆಗೆದುಕೊಂಡಾಗ ನಾವೆಲ್ಲ ತಲೆ ಚಚ್ಚಿಕೊಂಡೆವು. ಮುಂದಿನ ಸೂಪರ್ ಬೌಲ್‌ನಲ್ಲಿ ಅವನ ಒಂದು ಪಾಯಿಂಟಿನ ಒದೆತವನ್ನು ಎದುರಾಳಿ ತಡೆದರು. ಕಾನ್ಸಾಸ್ ಸಿಟಿ ಎದುರು ಓವರ್‌ಟೈಮಿನಲ್ಲಿ 25-22ಕ್ಕೆ ಸೋತೆವು. 2025ರಲ್ಲಿ ಅವನನ್ನು ಕೈಬಿಟ್ಟರು. ಆದರೆ ಅದೇ ಸೂಪರ್ ಬೌಲ್‌ನಲ್ಲಿ ಅವನು 55 ಗಜದ ಗೋಲನ್ನೂ ಒದ್ದಿದ್ದ. ಅದು ನಮ್ಮಲ್ಲಿ ಯಾರಿಗೂ ನೆನಪಿಲ್ಲ.

ಲ್ಯಾನ್ಸ್‌ನನ್ನು 2023ರ ಆಗಸ್ಟ್‌ನಲ್ಲಿ ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಕೊಟ್ಟುಬಿಟ್ಟರು. ಕೊಟ್ಟಿದ್ದು ಡಲ್ಲಾಸ್‌ಗೆ, ಪಾರ್ಸನ್ಸ್ ಇದ್ದ ತಂಡಕ್ಕೇ. ಪರ್ಡಿಗೆ ಆ ವರ್ಷದ ಸಂಬಳ 8,70,000 ಡಾಲರ್. ಅವನು ಏನು ಮಾಡಿದರೂ ಲಾಭವೇ, ದೇವರಂಥ ಹುಡುಗ. 2025ರ ಮೇನಲ್ಲಿ ಅವನ ಜೊತೆ 5 ವರ್ಷಕ್ಕೆ 26.5 ಕೋಟಿ ಡಾಲರಿನ ಒಪ್ಪಂದ ಆಯಿತು. ಮಾರನೇ ದಿನವೇ ಗ್ರೂಪಿನಲ್ಲಿ ಒಬ್ಬ ಅವನ ಒಂದೊಂದು ಎಸೆತಕ್ಕೆ ಎಷ್ಟು ಬೀಳುತ್ತೆ ಅಂತ ಭಾಗಾಕಾರ ಮಾಡಿ ಹಾಕಿದ್ದ! ಅದೇ ಹುಡುಗ, ಅದೇ ಕೈ. ಬದಲಾಗಿದ್ದು ಬೆಲೆ ಮಾತ್ರ.

ಆ ಸೀಸನ್ ಶುರುವಿಗೇ ಪರ್ಡಿಯ ಕಾಲ್ಬೆರಳಿಗೆ ಪೆಟ್ಟಾಯಿತು. ಬದಲಿಯಾಗಿ ಇಳಿದವನು ಯಾರು ಗೊತ್ತಾ? ಮ್ಯಾಕ್ ಜೋನ್ಸ್. ನಾಲ್ಕು ವರ್ಷದಲ್ಲಿ ಎರಡು ತಂಡ ಸುತ್ತಿ ಕೊನೆಗೆ ಇಲ್ಲಿಗೇ ಬಂದಿದ್ದ. ಹಾಸನದ ಗೆಳೆಯ ರಾತ್ರೋರಾತ್ರಿ ಫೋನ್ ಮಾಡಿದ: "ಇಪ್ಪತ್ತೊಂದರಲ್ಲೇ ಹೇಳಿದ್ನಲ್ಲೋ ನಾನು!" ಜಟ್ಟಿ ಬಿದ್ದರೂ ಮೀಸೆ ಮಣ್ಣಾಗೋದಿಲ್ಲ. ನಗು ಬಂತು. ಆ ಭಾನುವಾರ ಅವನು ಹೇಳಿದ ಮಾತು ನನಗೆ ತಾಗಿತ್ತು ಅನ್ನೋದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ. ಪರವಾಗಿಲ್ಲ ಕಣೋ.

ಸ್ಪ್ರೆಡ್‌ಶೀಟ್ ನಿಲ್ಲಿಸಿಲ್ಲ. ಅಭಿಪ್ರಾಯ ಇಲ್ಲದೆ ಏಪ್ರಿಲ್ ಕಳೆಯೋದು ಹೇಗೆ? ಆದರೆ ಗ್ರೇಡ್ ಪಕ್ಕ ಒಂದು ಹೊಸ ಕಾಲಮ್ ಸೇರಿಸಿದ್ದೇನೆ: 'ಇವನ ಆಟ ನಾನು ಎಷ್ಟು ನೋಡಿದ್ದೇನೆ?' ಹಳೆಯ ಹಾಳೆಗಳಿಗೂ ಹೋಗಿ ಪ್ರಾಮಾಣಿಕವಾಗಿ ತುಂಬಿಸಿದೆ. ಪರ್ಡಿ: ಸೊನ್ನೆ. ಲ್ಯಾನ್ಸ್: ಸೊನ್ನೆ. ಕೆಳಗೆ ಎಳೆಯುತ್ತಾ ಹೋದರೆ ಪೂರ್ತಿ ಸೊನ್ನೆಗಳ ಸಾಲು. ಡಿಸೆಂಬರ್ ಬಂದಾಗ, ಆಫೀಸಿನ ಮೀಟಿಂಗ್‌ಗೆ ಹೋಗೋ ಮುಂಚೆ, ಆ ಕಾಲಮನ್ನು ಒಂದು ಸಲ ತೆರೆದು ನೋಡಿ ಹೋಗುತ್ತೇನೆ.