ಅವರ ಮಾತನ್ನೂ ಬರೆದಿಡಬೇಕು

14 ಏಪ್ರಿಲ್ 2021, ಅರಸೀಕೆರೆ

ಯುಗಾದಿಯ ಮಾರನೇ ದಿನ, ಆಸ್ಪತ್ರೆಯಲ್ಲಿ ಜನ ಕಡಿಮೆ. ಹಳ್ಳಿಯಿಂದ ಒಬ್ಬರು ಅಜ್ಜಿ ಬಂದಿದ್ದರು. ಬಲ ಹಣೆಯ ತುಂಬ ನೀರುಗುಳ್ಳೆ, ಮೇಲೆ ಬಳಿದ ಕೆಮ್ಮಣ್ಣು, ರೆಪ್ಪೆ ಊದಿ ಕಣ್ಣು ಮುಚ್ಚಿಹೋಗಿದೆ. ಸರ್ಪಸುತ್ತು. ಮೂಗಿನ ತುದಿಯಲ್ಲೂ ಒಂದು ಗುಳ್ಳೆ ಕಂಡು ಎದೆ ಧಸಕ್ಕೆಂದಿತು. ಅಲ್ಲಿಗೆ ಹೋಗುವ ನರದ ಕವಲೇ ಕಣ್ಣಿನೊಳಕ್ಕೂ ಹೋಗುತ್ತದೆ.

“ಸೂಜಿ ಹಾಕಿಸಿದ್ದಕ್ಕೇ ಹಿಂಗಾಗಿದ್ದು ಮೇಡಂ, ಚೆನ್ನಾಗಿದ್ರು ನಮ್ಮವ್ವ” ಎಂದರು ಮಗ. ಕೋವಿಡ್ ಲಸಿಕೆ ಕೋವಿಶೀಲ್ಡ್ ಹಾಕಿಸಿ ವಾರವಾಗಿದೆ, ಗುಳ್ಳೆ ಎದ್ದು ಎರಡು ದಿನ. ಆ ಹೊತ್ತಿಗೆ ನನಗೆ ಬೇಕಿದ್ದದ್ದು ಎರಡನೆಯ ಲೆಕ್ಕ. 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಕಣ್ಣಿಗೆ ಆಗುವ ಹಾನಿ ತಗ್ಗುತ್ತದೆ. ಅಸೈಕ್ಲೋವಿರ್ 800 ಮಿ.ಗ್ರಾಂ., ದಿನಕ್ಕೆ ಐದು ಸಲ, ಜೊತೆಗೆ ಚೆನ್ನಾಗಿ ನೀರು.

ಚಿಕ್ಕವರಿದ್ದಾಗ ಅಜ್ಜಿಗೆ ಅಮ್ಮ (ಚಿಕನ್‌ಪಾಕ್ಸ್) ಆಗಿತ್ತಂತೆ. ಆ ವೈರಾಣು ಅಂದಿನಿಂದಲೂ ನರದ ಬುಡದಲ್ಲಿ ಅಡಗಿ ಕೂತಿದೆ. ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಏಳುತ್ತದೆ. ಲಸಿಕೆಯಲ್ಲಿ ಅದು ಇಲ್ಲ. ಲಸಿಕೆ ಅದನ್ನು ಕೆಣಕಿರಬಹುದೇ? ಒಬ್ಬರ ಕಣ್ಣು ನೋಡಿ ಹೇಳಲಾಗದು. ಲಸಿಕೆ ಇಲ್ಲದೆಯೂ ಈ ವಯಸ್ಸಿನಲ್ಲಿ ಸರ್ಪಸುತ್ತು ಬರುತ್ತದೆ. ಆದರೂ ಮಗನ ಮಾತನ್ನು ತಳ್ಳಿಹಾಕಲು ಮನಸ್ಸು ಬರಲಿಲ್ಲ. ಲಸಿಕೆಯ ನಂತರ ಕಂಡ ತೊಂದರೆಯನ್ನು ವರದಿ ಮಾಡುವ ಎಇಎಫ್‌ಐ ನಮೂನೆ ತುಂಬಿ ಕಳಿಸಿದೆ.

6 ಜುಲೈ 2021

ಅಜ್ಜಿಯ ಕಣ್ಣು ಉಳಿಯಿತು. ಕರಿಗುಡ್ಡೆಯ ಅಂಚಿನಲ್ಲಿ ಸಣ್ಣ ಕಲೆ, ಹಣೆಯಲ್ಲಿ ಇನ್ನೂ ಉರಿ. ಎರಡನೇ ಡೋಸ್ ಹಾಕಿಸಬೇಕೇ ಎಂದು ಮಗ ಕೇಳಿದರು. ಹಾಕಿಸಿ ಎಂದೆ. ಎರಡನೇ ಅಲೆಯಲ್ಲಿ ನಮ್ಮ ಬೀದಿಗಳು ಕಂಡ ಸಾವಿನ ಮುಂದೆ ಬೇರೆ ಉತ್ತರ ನನ್ನಲ್ಲಿರಲಿಲ್ಲ. ಮತ್ತೆ ಗುಳ್ಳೆ ಕಂಡರೆ ಅದೇ ದಿನ ಬನ್ನಿ ಎಂದೂ ಹೇಳಿದೆ.

ಮಧ್ಯಾಹ್ನ ಒಬ್ಬ ಶಿಕ್ಷಕರು. ಲಸಿಕೆಯಾದ ಮೇಲೆ ಒಂದೇ ಕಣ್ಣು ಕೆಂಪಾಗಿದೆ. ಮದ್ರಾಸ್ ಐ ಎಂದುಕೊಂಡು ಅಂಗಡಿಯ ಸ್ಟೀರಾಯ್ಡ್ ಹನಿ ಹಾಕಿದ್ದಾರೆ. ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಕರಿಗುಡ್ಡೆಯ ಮೇಲೆ ಕವಲೊಡೆದ ಕೊಂಬೆಯಂಥ ಹುಣ್ಣು: ಹರ್ಪಿಸ್ ಸಿಂಪ್ಲೆಕ್ಸ್. ಈ ಹುಣ್ಣಿಗೆ ಬರೀ ಸ್ಟೀರಾಯ್ಡ್ ಬಿದ್ದರೆ ವೈರಾಣುವಿಗೆ ದಾರಿ ಬಿಟ್ಟಂತೆ. ಹತ್ತು ವರ್ಷದ ಹಿಂದೆಯೂ ಇದೇ ಕಣ್ಣಿಗೆ ಹೀಗಾಗಿತ್ತಂತೆ. ಅದನ್ನೂ ಸೇರಿಸಿ ಇನ್ನೊಂದು ನಮೂನೆ ತುಂಬಿದೆ.

29 ಆಗಸ್ಟ್ 2021

ಇಸ್ರೇಲಿನ ಒಂದು ಅಧ್ಯಯನ ಓದಿದೆ. ಫೈಜರ್ ಲಸಿಕೆ ಪಡೆದ ಸುಮಾರು 8.8 ಲಕ್ಷ ಮಂದಿಯನ್ನು ಅಷ್ಟೇ ಮಂದಿ ಪಡೆಯದವರೊಡನೆ ಹೋಲಿಸಿದ್ದಾರೆ. ಲಸಿಕೆ ಪಡೆದವರಲ್ಲಿ ಲಕ್ಷಕ್ಕೆ ಸುಮಾರು 16 ಸರ್ಪಸುತ್ತು ಹೆಚ್ಚು. ನಮ್ಮಲ್ಲಿ ಹಾಕುತ್ತಿರುವ ಲಸಿಕೆ ಬೇರೆ. ಆದರೂ ಆ ಮಗನ ಅನುಮಾನ ಕೇಳತಕ್ಕದ್ದೇ ಆಗಿತ್ತು.

20 ನವೆಂಬರ್ 2022

ಈಗ ಅಮೆರಿಕದಿಂದ ಇನ್ನೊಂದು ಅಧ್ಯಯನ: 20 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳಲ್ಲಿ ಅಂಥ ಹೆಚ್ಚಳವೇ ಕಂಡಿಲ್ಲ. ಅಪಾಯವಿದ್ದರೂ ಅದು ಸಣ್ಣದು ಎಂದೇ ನನಗನ್ನಿಸುತ್ತದೆ. ಇದನ್ನು ಧೈರ್ಯವಾಗಿ ಹೇಳಲು ಸಾಧ್ಯವಾಗಿರುವುದು ಎಲ್ಲೆಲ್ಲೋ ಯಾರೋ ರೋಗಿಯ ದೂರನ್ನು ಬರೆದಿಟ್ಟಿದ್ದರಿಂದ. ನಾಳೆ ಹೊಸ ನರ್ಸುಗಳಿಗೆ ಹೇಳಬೇಕು: ಕೆಂಪು ಕಣ್ಣು ಬಂದರೆ ಲಸಿಕೆ ಯಾವಾಗ ಆಯಿತು ಎಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ, ಔಷಧಿಗೆ ತಡಮಾಡಬೇಡಿ.