ಮೂರು ಆಟ, ಏಳು ಅಂಕ

ಚಳ್ಳಕೆರೆ, ಮೊಳಕಾಲ್ಮೂರಿನ ಕಡೆ ಮಾರ್ಚ್ ಕೊನೆ ಅಂದರೆ ನೆರಳು ಹುಡುಕಿಕೊಂಡು ನಡೆಯುವ ಕಾಲ. ಆ ಬಿಸಿಲನ್ನು ಅಲ್ಲೇ ಬಿಟ್ಟು ಬನ್ನಿ. ಇದು 1947ರ ಮಾರ್ಚ್ 24ರ ರಾತ್ರಿ. ನೀವು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೂತಿದ್ದೀರಿ. ಸಾವಿರಾರು ಜನ, ಗಂಟಲು ಕೆರೆಯುವ ಸಿಗರೇಟಿನ ಹೊಗೆ. ಕೆಳಗೆ ಮರದ ನೆಲದ ಮೇಲೆ ಚೆಂಡು ಪುಟಿಯುವ ಸದ್ದು. ವಿಶ್ವವಿದ್ಯಾಲಯ ತಂಡಗಳ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಕೊನೆಯ ಪಂದ್ಯ.

ಒಂದು ಕಡೆ ಕೆಂಟಕಿ. ಹಿಂದಿನ ವರ್ಷ ಇದೇ ಟೂರ್ನಿಯನ್ನು ಗೆದ್ದ ತಂಡ, ಅಡಾಲ್ಫ್ ರಪ್ ಅದರ ಕೋಚ್. ಇನ್ನೊಂದು ಕಡೆ ಯೂಟಾ. ಯೂಟಾ ಹುಡುಗರ ನಡುವೆ ಒಬ್ಬನನ್ನು ಗಮನಿಸಿ: ಐದಡಿ ಏಳಂಗುಲ, ಜಪಾನಿ ಮುಖ. ಹೆಸರು ವಾಟರು ಮಿಸಾಕಾ. ಜಪಾನಿನೊಂದಿಗಿನ ಯುದ್ಧ ಮುಗಿದು ಎರಡು ವರ್ಷವೂ ಆಗಿಲ್ಲ.

ಅವನಿಗೆ ವಹಿಸಿರುವುದು ಕೆಂಟಕಿಯ ರಾಲ್ಫ್ ಬಿಯರ್ಡ್‌ನನ್ನು ಅಂಕ ಗಳಿಸದಂತೆ ಕಾಯುವ ಕೆಲಸ. ಬಿಯರ್ಡ್ ಎಡಕ್ಕೆ ನುಗ್ಗಿದರೆ ಮಿಸಾಕಾ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ. ಮೊಳಕಾಲ್ಮೂರಿನ ಮಗ್ಗದಲ್ಲಿ ಲಾಳಿ ಓಡಿದ ಹಾಗೆ. ಕಾಲು ಎಲ್ಲೂ ನಿಲ್ಲುವುದಿಲ್ಲ. ಚೆಂಡು ಬಿಯರ್ಡ್‌ನ ಕೈಗೆ ಬರುವ ಹೊತ್ತಿಗೆ ಇವನು ಮುಂದೆ ನಿಂತಾಗಿದೆ. ಮೂರು ಅಂಕದ ಗೆರೆಯಾಗಲಿ, ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ಗಡಿಯಾರವಾಗಲಿ ಇನ್ನೂ ಬಂದಿಲ್ಲದ ಕಾಲವದು. ತಾಳ್ಮೆಯಿಂದ ಕಾಯಬಲ್ಲವನೇ ಆಟದ ದಿಕ್ಕು ತಿರುಗಿಸಬಲ್ಲ. ನ್ಯೂಯಾರ್ಕಿನವರು ಈ ಹುಡುಗನಿಗಾಗಿ ಕೂಗುತ್ತಿದ್ದಾರೆ. ಪಂದ್ಯ ಮುಗಿದಾಗ ಫಲಕ ನೋಡಿ: ಯೂಟಾ 49, ಕೆಂಟಕಿ 45. ಬಿಯರ್ಡ್‌ನ ಹೆಸರಿನ ಮುಂದೆ ಒಂದೇ ಒಂದು ಅಂಕ. ಅಂಕ ಗಳಿಸಿದವರ ಪಟ್ಟಿಯಲ್ಲಿ ಇಂಥ ಆಟ ಕಾಣಿಸುವುದೇ ಇಲ್ಲ. ಅದಕ್ಕೇ ಇದನ್ನು ಕಣ್ಣಾರೆ ನೋಡಬೇಕು.

ಈ ಹುಡುಗ ಬಂದ ದಾರಿಯೂ ಸಣ್ಣದಲ್ಲ. ಯೂಟಾದ ಆಗ್ಡೆನ್ ಊರಿನ 25ನೇ ಬೀದಿಯಲ್ಲಿ ಅಪ್ಪನ ಕ್ಷೌರದಂಗಡಿ, ನೆಲಮಾಳಿಗೆಯಲ್ಲಿ ಸಂಸಾರ. ಅಪ್ಪ ತೀರಿಕೊಂಡಾಗ ಮಗನಿಗೆ ಹದಿನೈದು. ಜಪಾನಿಗೆ ಮರಳೋಣ ಎಂದು ತಾಯಿ ಯೋಚಿಸಿದರೆ ಇವನು ಒಪ್ಪಲಿಲ್ಲ. ಆ ತಾಯಿ ಕತ್ತರಿ ಹಿಡಿದು ಅಂಗಡಿ ನಡೆಸಿದಳು. ಯುದ್ಧದ ದಿನಗಳಲ್ಲಿ ಜಪಾನಿ ಮೂಲದ ಸುಮಾರು 1,20,000 ಜನರನ್ನು ಅಮೆರಿಕದ ಸರ್ಕಾರ ಮುಳ್ಳುತಂತಿಯ ಶಿಬಿರಗಳಿಗೆ ತುಂಬಿತು. ಅಂಥ ಒಂದು ಶಿಬಿರ ಯೂಟಾದಲ್ಲೇ ಇತ್ತು. ಶಿಬಿರದ ಪಾಲಾಗದೆ ಉಳಿದ ಮಿಸಾಕಾ 1944ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿಕೊಟ್ಟ ತಂಡದಲ್ಲಿದ್ದ. ಆಮೇಲೆ ಸೇನೆಗೆ ಕರೆ ಬಂತು. ಹಿರೋಶಿಮಾದಲ್ಲಿ ಬಾಂಬಿನಿಂದ ಬದುಕುಳಿದವರನ್ನು ಮಾತನಾಡಿಸುವ ಕೆಲಸ. ತನ್ನ ತಂದೆಯ ಸೀಮೆಯ ಜನರ ಮುಂದೆ ಅಮೆರಿಕದ ಸಮವಸ್ತ್ರದಲ್ಲಿ ಕೂರುವುದು ಎಂಥ ಸಂಕಟ! ಅಲ್ಲಿಂದ ಬಂದು ಮತ್ತೆ ಚೆಂಡು ಹಿಡಿದ.

ಆ ರಾತ್ರಿ ಕಂಡ ಆಟ ನ್ಯೂಯಾರ್ಕ್ ನಿಕ್ಸ್ ಎಂಬ ವೃತ್ತಿಪರ ತಂಡದವರ ಮನಸ್ಸಿನಲ್ಲಿ ಉಳಿಯಿತು. ಅದೇ ವರ್ಷ ಅವರು ಅವನನ್ನು ಆರಿಸಿಕೊಂಡರು. ಮುಂದೆ ಎನ್‌ಬಿಎ ಎಂದು ಹೆಸರಾದ ಲೀಗಿನಲ್ಲಿ ಬಿಳಿಯನಲ್ಲದ ಮೊದಲ ಆಟಗಾರ ಅವನೇ. ಬೇಸ್‌ಬಾಲ್‌ನಲ್ಲಿ ಕಪ್ಪು ಜನಾಂಗದ ಜಾಕಿ ರಾಬಿನ್ಸನ್ ಬಿಳಿಯರ ಲೀಗಿನ ಅಂಗಳಕ್ಕಿಳಿದದ್ದೂ ಅದೇ ವರ್ಷ. ರಾಬಿನ್ಸನ್ ಹೆಸರು ಜಗತ್ತಿಗೆ ಗೊತ್ತು, ಮಿಸಾಕಾನ ಹೆಸರು ಎಷ್ಟು ಜನಕ್ಕೆ ಗೊತ್ತು? ನನಗೆ ಇದು ನ್ಯಾಯವೆನಿಸುವುದಿಲ್ಲ. ಎನ್‌ಬಿಎಯಲ್ಲಿ ಕಪ್ಪು ಜನಾಂಗದ ಆಟಗಾರರು ಮೊದಲು ಆಡಿದ್ದು 1950ರಲ್ಲಿ, ಇವನಾದ ಮೇಲೆ.

ನಿಕ್ಸ್ ಪರವಾಗಿ ಮೂರೇ ಆಟ. ಏಳು ಅಂಕ. ತಂಡದಲ್ಲಿ ಅವನಂತೆ ಗಾರ್ಡ್ ಸ್ಥಾನದಲ್ಲಿ ಆಡುವವರು ಹೆಚ್ಚಾಗಿದ್ದಾರೆಂದು ಮಿಸಾಕಾನನ್ನು ಕೈಬಿಟ್ಟರು. ಜನಾಂಗದ ಕಾರಣಕ್ಕೆ ತನ್ನನ್ನು ಬಿಟ್ಟರೆಂದು ಅವನು ಮುಂದೆಂದೂ ದೂರಲಿಲ್ಲ. ಊರಿಗೆ ಮರಳುವ ದಾರಿಯಲ್ಲಿ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡದಿಂದ ಕರೆ ಬಂತು. ಆಡುತ್ತಾ ದೇಶ ಸುತ್ತಬಹುದಿತ್ತು, ಹಣವೂ ಬರುತ್ತಿತ್ತು. ಅವನಿಗೆ ಇಂಜಿನಿಯರಿಂಗ್ ಓದು ಮುಗಿಸಬೇಕಿತ್ತು. ಬೇಡ ಎಂದ. ಓದಿದ, ಇಂಜಿನಿಯರ್ ಆದ, ಯೂಟಾದಲ್ಲೇ ದುಡಿದ. 2019ರ ನವೆಂಬರಿನಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡ.