ಆಡಿ ಮುಗಿಸಿದ ಮೂರು ಆಟಗಳು

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಒಬ್ಬೊಬ್ಬರದು ಒಂದೊಂದು ಸುದ್ದಿ. ಒಬ್ಬರಿಗೆ ಹಿಂದಿನ ರಾತ್ರಿಯ ಧಾರಾವಾಹಿ, ಇನ್ನೊಬ್ಬರಿಗೆ ಓದಿ ಮುಗಿಸಿದ ಕಾದಂಬರಿ, ಮತ್ತೊಬ್ಬರಿಗೆ ಹಬ್ಬಕ್ಕೆ ಕೊಂಡ ಸೀರೆ. ಮೊನ್ನೆ ನನ್ನ ಸರದಿ ಬಂದಾಗ, "ನಾನೊಂದು ವಿಡಿಯೋ ಗೇಮ್ ಮುಗಿಸಿದೆ ಕಣ್ರೀ" ಎಂದೆ. ಗಣಿತದ ಮೇಡಮ್ಮಿನ ಕೈಯಲ್ಲಿದ್ದ ಚಪಾತಿ ಅಲ್ಲೇ ನಿಂತಿತು. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಮಗೆ ಮೂರು ವರ್ಷ ಮೊದಲೇ ಬಂತಲ್ರೀ!" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಗಲಿ ಬಿಡಿ. ಆದರೆ ಒಂದು ಮಾತು ಹೇಳುತ್ತೇನೆ. ಆಟವೆಂಬುದು ನಮ್ಮ ಹೆಂಗಸರಿಗೆ ಹೊಸದೇನಲ್ಲ. ತುಮಕೂರು ಕಡೆಯ ನಮ್ಮಜ್ಜಿಯ ಮನೆಯಲ್ಲಿ ಅಳಿಗುಳಿ ಮಣೆಯೊಂದಿತ್ತು. ಆ ಕಡೆ ಏಳು, ಈ ಕಡೆ ಏಳು, ಹದಿನಾಲ್ಕು ಗುಳಿ. ಹುಣಸೆ ಬೀಜವೇ ಕಾಯಿ. ಮಳೆಗಾಲದ ಮಧ್ಯಾಹ್ನ ಅತ್ತೆ ಸೊಸೆಯರು ಮಾತು ಬಿಟ್ಟಿದ್ದರೂ ಮಣೆಯ ಎದುರು ಬದುರು ಕೂರುತ್ತಿದ್ದರು. ಒಬ್ಬರೇ ಆಡುವ ಆಟವೂ ಅದರಲ್ಲಿತ್ತು, ಅಶೋಕವನದಲ್ಲಿ ಸೀತೆ ಆಡಿದ್ದಂತೆ. ಇನ್ನು ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಲ್ಲಿ ಕೌತುಕ ನಿಧಿ ಎಂಬ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಮಹಾರಾಜರು ಆಡಿದರೆ ಕಲೆ, ಮೇಷ್ಟ್ರಮ್ಮ ಆಡಿದರೆ ಹುಚ್ಚೇ?

ಇದು ಹೇಗೆ ಶುರುವಾಯಿತೆಂದು ಹೇಳಬೇಕು. ನಾವಿರುವುದು ಪೀಣ್ಯದ ಪಕ್ಕ, ದಾಸರಹಳ್ಳಿಯಲ್ಲಿ. ಮಗಳ ಮನೆ ವೈಟ್‌ಫೀಲ್ಡಿನಲ್ಲಿ. ಊರು ಒಂದೇ ಎಂದು ಹೆಸರು, ಅಷ್ಟೆ. ಮೊದಲು ಎರಡು ಬಸ್ಸು ಬದಲಾಯಿಸಿ ಹೋಗುವಷ್ಟರಲ್ಲಿ ತುಮಕೂರಿಗೆ ಹೋಗಿ ಬರಬಹುದಿತ್ತು. 2023ರ ಅಕ್ಟೋಬರಿನಲ್ಲಿ ಮೆಟ್ರೋದ ನೇರಳೆ ಮಾರ್ಗ ವೈಟ್‌ಫೀಲ್ಡಿನವರೆಗೂ ತಡೆಯಿಲ್ಲದೆ ಓಡತೊಡಗಿದ ಮೇಲೆ ನನ್ನ ಪುಣ್ಯಕಾಲ ಬಂತೆನ್ನಿ. ದಾಸರಹಳ್ಳಿಯಲ್ಲಿ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು, ಜನಸಾಗರ ಈಜಿ, ನೇರಳೆ ಹಿಡಿದರೆ ಆಯಿತು. ಆದರೂ ಒಂದೂವರೆ ಗಂಟೆಯ ಮೇಲಾಗುತ್ತದೆ. ಕಣ್ಣಿಗೆ ಪೊರೆಯ ಆಪರೇಷನ್ ಆಗಿ ಓಡುವ ಗಾಡಿಯಲ್ಲಿ ಸಣ್ಣಕ್ಷರ ಓದುವುದು ಕಷ್ಟವಾಗಿತ್ತು. ನನ್ನ ಹತ್ತು ವರ್ಷದ ಮೊಮ್ಮಗ ಅದಕ್ಕೊಂದು ಔಷಧಿ ಕಂಡುಹಿಡಿದ. ತನ್ನ ಹಳೆಯ ಟ್ಯಾಬಿನಲ್ಲಿ ಒಂದು ಆಟ ತುಂಬಿಸಿ, "ಅಜ್ಜಿ, ಇದರಲ್ಲಿ ಓದೋದು ಕಮ್ಮಿ, ನೋಡೋದು ಜಾಸ್ತಿ" ಎಂದು ಕೈಗಿತ್ತ.

ಆ ಆಟದ ಹೆಸರು ಮಾನ್ಯುಮೆಂಟ್ ವ್ಯಾಲಿ. ಲಂಡನ್ನಿನ ಅಸ್‌ಟೂ ಎಂಬ ಸಂಸ್ಥೆ 2014ರಲ್ಲಿ ಹೊರತಂದದ್ದು. ಐಡಾ ಎಂಬ ಪುಟ್ಟ ರಾಜಕುಮಾರಿ. ಬಿಳಿ ಉಡುಪು, ತಲೆಯ ಮೇಲೆ ಚೂಪು ಟೋಪಿ. ಬಾಯಿ ಬಿಟ್ಟು ಒಂದು ಮಾತಾಡುವುದಿಲ್ಲ. ಅವಳು ನಡೆಯುವ ಗೋಪುರ, ಸೇತುವೆ, ಮೆಟ್ಟಿಲುಗಳನ್ನು ನಾವು ಬೆರಳಿನಿಂದ ತಿರುಗಿಸಬೇಕು. ತಿರುಗಿಸಿದಾಗ ನಡುವೆ ಕಂದಕವಿದ್ದ ಎರಡು ಗೋಡೆಗಳು ಕಣ್ಣಿಗೆ ಒಂದಾಗಿ ಕಾಣುತ್ತವೆ. ಕಂಡರೆ ಸಾಕು, ಅವಳಿಗೆ ಅದೇ ದಾರಿ! ಎಶರ್ ಎಂಬ ಡಚ್ ಕಲಾವಿದ ಹತ್ತುತ್ತಲೇ ಇದ್ದು ಕೊನೆಗೆ ಹೊರಟಲ್ಲಿಗೇ ಬರುವ ಮೆಟ್ಟಿಲುಗಳ ಚಿತ್ರ ಬರೆದಿದ್ದನಲ್ಲ, ಆ ಜಾತಿಯದು. ಗಡಿಯಾರವಿಲ್ಲ, ಸಾಯುವುದಿಲ್ಲ, ಅಂಕವಿಲ್ಲ. ಮೂವತ್ತು ವರ್ಷ ಅಂಕ ಹಾಕಿ ಹಾಕಿ ಸೋತ ಕೈಗೆ ಅಂಕವಿಲ್ಲದ ಆಟ ಎಷ್ಟು ಹಿತವೆಂದು ಹೇಗೆ ಹೇಳಲಿ!

ಹತ್ತೇ ಅಧ್ಯಾಯ. ಹುಡುಗರಿಗೆ ಎರಡು ಗಂಟೆಯ ಕೆಲಸವಂತೆ. ನನಗೆ ನಾಲ್ಕು ಶನಿವಾರ ಹಿಡಿಯಿತು. ದಾರಿಗೆ ಅಡ್ಡ ನಿಂತು ಕೂಗುವ ಕಾಗೆಗಳಿವೆ, ಥೇಟ್ ನಮ್ಮ ಬೀದಿಯ ಕೊನೆಯ ಮನೆಯವರ ಹಾಗೆ. ಟೋಟೆಮ್ ಎಂಬ ಒಂಟಿ ಕಣ್ಣಿನ ಹಳದಿ ಕಂಬ ಐಡಾಳಿಗೆ ಸ್ನೇಹಿತ. ಅದು ನೀರಿನಲ್ಲಿ ಮುಳುಗುವಾಗ ನಾನು "ಅಯ್ಯೋ" ಎಂದುಬಿಟ್ಟೆ. ಪಕ್ಕದಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡಿದ್ದ ಹುಡುಗ ಗಾಬರಿಯಿಂದ ನೋಡಿದ. ಐಡಾ ತಾನು ಹಿಂದೆ ಕದ್ದದ್ದನ್ನು ಒಂದೊಂದಾಗಿ ಹಿಂದಿರುಗಿಸಲು ಹೊರಟವಳು ಎಂಬುದು ನಿಧಾನವಾಗಿ ತಿಳಿಯುತ್ತದೆ. ಕೊನೆಗೆ ಅವಳೂ ಆ ಕಾಗೆಗಳೂ ಬಣ್ಣದ ಹಕ್ಕಿಗಳಾಗಿ ಹಾರಿಹೋಗುತ್ತಾರೆ. ಪರದೆಯ ಮೇಲೆ ಇನ್ನೇನೂ ಉಳಿಯಲಿಲ್ಲ. ಒಳ್ಳೆಯ ಕಥೆ ಓದಿ ಪುಸ್ತಕ ಮಡಚಿಟ್ಟಾಗ ಒಂದು ಖಾಲಿತನ ಬರುತ್ತದಲ್ಲ, ಅದೇ.

ಈ 'ಮುಗಿಯುವುದು' ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮೆಟ್ರೋದಲ್ಲಿ ನನ್ನ ವಯಸ್ಸಿನ ಎಷ್ಟೋ ಹೆಂಗಸರು ಕ್ಯಾಂಡಿ ಕ್ರಷ್ ಆಡುತ್ತಿರುತ್ತಾರೆ. ಆಡಲಿ, ಪಾಪ. ಆದರೆ ಅದಕ್ಕೆ ಕೊನೆಯೇ ಇಲ್ಲ, ಒಂದು ಹಂತ ದಾಟಿದರೆ ಮತ್ತೊಂದು. ಮನೆಗೆಲಸವೂ ಹಾಗೇ ತಾನೆ? ಆಡುವುದಕ್ಕೂ ಅದೇ ಏಕೆ ಬೇಕು?

ಕೊನೆಯಿಲ್ಲದ ಆಟದ ಇನ್ನೊಂದು ಮುಖವನ್ನು ಶಾಲೆಯಲ್ಲೇ ಕಂಡಿದ್ದೇನೆ. ನನ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಪೀಣ್ಯದಲ್ಲಿ ಲೇತ್ ಓಡಿಸುವವರು. ರಾತ್ರಿ ಪಾಳಿಯ ಬಿಡುವಿನಲ್ಲಿ ಫೋನಿನ ರಮ್ಮಿ ಹತ್ತಿಸಿಕೊಂಡರು. ಮೊದಲು ನೂರು ಇನ್ನೂರು ಬಂತಂತೆ, ಆಮೇಲೆ ಹೋದದ್ದಕ್ಕೆ ಲೆಕ್ಕವಿಲ್ಲ. ತಾಯಿ ಗಾರ್ಮೆಂಟ್ಸಿಗೆ ಹೋಗುವಾಕೆ, ತಾಳಿಯ ಗುಂಡು ಅಡವಿಟ್ಟರು. ಹುಡುಗಿ ಶಾಲೆಯ ಪ್ರವಾಸಕ್ಕೆ "ನನಗೆ ಬಸ್ಸಿನಲ್ಲಿ ವಾಂತಿ ಬರುತ್ತೆ ಮಿಸ್" ಎಂದು ಸುಳ್ಳು ಹೇಳಿ ಉಳಿದುಕೊಂಡಳು. ನಮ್ಮ ರಾಜ್ಯ 2021ರಲ್ಲಿ ಇದಕ್ಕೆ ಕಾನೂನು ತಂದಿತು. 2022ರಲ್ಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಆ ತಾಯಿಯ ಗುಂಡು ಮಾತ್ರ ಇನ್ನೂ ಅಂಗಡಿಯಲ್ಲೇ ಇದೆ. ಪೋಷಕರ ಸಭೆಯಲ್ಲಿ "ಗೇಮ್" ಎಂದೊಡನೆ ಆಕೆಯ ಮುಖ ಕಪ್ಪಾಗುವುದನ್ನು ಕಂಡವಳು ನಾನು. ಆದ್ದರಿಂದಲೇ ಯಾವುದು ಆಟ, ಯಾವುದು ಜೂಜು ಎಂದು ಬಿಡಿಸಿ ಹೇಳುವುದು ಮೇಷ್ಟ್ರ ಕೆಲಸ ಎಂದು ನಂಬಿದ್ದೇನೆ. ಒಂದಕ್ಕೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ಪುಸ್ತಕ ಕೊಂಡ ಹಾಗೆ. ಇನ್ನೊಂದು ದಿನಾ ಕೈಚಾಚುತ್ತದೆ.

ಎರಡನೆಯ ಆಟ ರಾಜಿ. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ 2020ರಲ್ಲಿ ಮಾಡಿದ್ದು. ಅದನ್ನು ಕಟ್ಟಿದವರಲ್ಲಿ ಶ್ರುತಿ ಘೋಷ್ ಎಂಬ ಕಲಾವಿದೆಯೂ ಒಬ್ಬರೆಂದು ತಿಳಿದು ಖುಷಿಯಾಯಿತು. ರಾಜಿ ಸರ್ಕಸ್ಸಿನ ಹುಡುಗಿ. ತಮ್ಮ ಗೋಲುವನ್ನು ರಾಕ್ಷಸರು ಹೊತ್ತೊಯ್ಯುತ್ತಾರೆ. ಇವಳು ತ್ರಿಶೂಲ ಹಿಡಿದು ಹುಡುಕಿಕೊಂಡು ಹೊರಡುತ್ತಾಳೆ. ಮೇಲಿನಿಂದ ದುರ್ಗೆಯೂ ವಿಷ್ಣುವೂ ಮಾತಾಡಿಕೊಳ್ಳುತ್ತಾ ಕಥೆ ಹೇಳುತ್ತಾರೆ. ಕೆಲವು ಪ್ರಸಂಗ ತೊಗಲುಗೊಂಬೆಯಾಟದಂತೆಯೇ ಬರುತ್ತದೆ. ರಾಜಸ್ಥಾನದ ಕೋಟೆಗಳ ಜಾಲಂಧ್ರ, ಬಿಸಿಲು, ಕಂಬಗಳ ಕೆತ್ತನೆ ನೋಡುತ್ತಾ ನಾನು ಎಷ್ಟೋ ಸಲ ನಿಂತೇ ಬಿಡುತ್ತಿದ್ದೆ. "ಅಜ್ಜಿ, ರನ್!" ಎಂದು ಮೊಮ್ಮಗ ಕೂಗುತ್ತಿದ್ದ.

ಇದನ್ನು ದಸರಾ ರಜೆಯಲ್ಲಿ ಅವನ ಮನೆಯ ಟಿವಿಗೆ ಜೋಡಿಸಿ ಇಬ್ಬರೂ ಸೇರಿ ಆಡಿದೆವು. ಹೊಡೆದಾಟ ಅವನದು, ಒಗಟು ನನ್ನದು ಎಂದು ಹಂಚಿಕೆ. ಎರಡು ಹೆಬ್ಬೆರಳು ಎರಡು ದಿಕ್ಕಿಗೆ ಓಡಬೇಕು ನೋಡಿ, ಅದು ನನ್ನಿಂದಾಗದ ಮಾತು. ನಿಜ ಹೇಳುತ್ತೇನೆ, ರಾಕ್ಷಸರು ಅಲೆ ಅಲೆಯಾಗಿ ಬಂದು ಬಂದು ಬೇಸರ ತರಿಸಿದರು. ಕೊನೆಯಂತೂ ಹೊಟ್ಟೆ ತುಂಬಲಿಲ್ಲ. ಇನ್ನೊಂದು ಅಧ್ಯಾಯ ಬಾಕಿಯಿರುವಾಗಲೇ ಪುಸ್ತಕ ಕಿತ್ತುಕೊಂಡ ಹಾಗೆ. ಆದರೂ ತಮ್ಮನಿಗಾಗಿ ಹೋರಾಡುವ ಅಕ್ಕ, ಅದೂ ಸೀರೆಯಂಗಡಿ ಜಾಹೀರಾತಿನವಳಲ್ಲ, ಹಗ್ಗದ ಮೇಲೆ ನಡೆದು ಹೊಟ್ಟೆ ಹೊರೆಯುವ ಹುಡುಗಿ! ಅಷ್ಟಕ್ಕೇ ನಾನು ಆ ತಂಡಕ್ಕೆ ಕೈ ಮುಗಿದೆ.

ಬೆಂಗಳೂರಿನಲ್ಲೇ ಈ ಕೆಲಸ ಎಂದೋ ಶುರುವಾಗಿದೆ ಎಂದರೆ ನಂಬುತ್ತೀರಾ? ರಾಜೇಶ್ ರಾವ್ ಎಂಬವರ ಧ್ರುವ ಇಂಟರಾಕ್ಟಿವ್ 1997ರಲ್ಲೇ ಇಲ್ಲಿ ವಿಡಿಯೋ ಗೇಮಿನ ಕೆಲಸಕ್ಕಿಳಿಯಿತು. ಫೋರ್ಜಾ ಎಂಬ ಹೆಸರಾಂತ ಕಾರ್ ಓಟದ ಆಟಕ್ಕೆ ಇಲ್ಲಿನ ಕಲಾವಿದರು ಕೆಲಸ ಮಾಡಿಕೊಟ್ಟಿದ್ದಾರೆ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ಅಮೆರಿಕದ ಕಂಪನಿ ಕೊಂಡುಕೊಂಡಿತು. ಪರದೇಶದ ಕಾರಿಗೆ ನಮ್ಮೂರಿನವರು ಬಣ್ಣ ಬಳಿಯುವುದು ಪೀಣ್ಯದವಳಾದ ನನಗೆ ಹೊಸತೆನಿಸಲಿಲ್ಲ. ಇಲ್ಲಿ ಬೀದಿ ಬೀದಿಗೂ ಯಾರದೋ ಯಂತ್ರಕ್ಕೆ ಬಿಡಿಭಾಗ ಕಡೆಯುವವರೇ. ನಮ್ಮದೇ ಕಥೆಗೆ ಯಂತ್ರ ಕೂರಿಸುವುದು ಯಾವಾಗ ಎಂದು ಮಾತ್ರ ಕೇಳಬೇಕೆನಿಸುತ್ತದೆ. ನಾನು ಈ ಮೂರನ್ನೂ ಆಡಿದ್ದು ಇಂಗ್ಲಿಷಿನಲ್ಲಿ.

ಇನ್ನು ಮೂರನೆಯದು. ಇದನ್ನು ಹೇಳಲೆಂದೇ ಕೂತೆ ಎಂದರೂ ಸರಿ.

ವೆಣ್ಬಾ. ಕೆನಡಾದ ಟೊರಾಂಟೊದಲ್ಲಿ ವಿಸೈ ಗೇಮ್ಸ್ ಎಂಬ ತಂಡ 2023ರಲ್ಲಿ ತಂದ ಆಟ. ಮರುವರ್ಷ ಅದಕ್ಕೆ ಬಾಫ್ತಾ ಪ್ರಶಸ್ತಿಯೂ ಬಂತು. ವೆಣ್ಬಾ ಎಂದರೆ ತಮಿಳಿನ ಒಂದು ಛಂದಸ್ಸು; ಇಲ್ಲಿ ಅದು ಒಬ್ಬ ಹೆಂಗಸಿನ ಹೆಸರು. ಗಂಡ ಪಾವಲನ್ ಜೊತೆ 1980ರ ದಶಕದಲ್ಲಿ ಕೆನಡಾಕ್ಕೆ ಹೋದವಳು. ಕತ್ತಿಯಿಲ್ಲ, ರಾಕ್ಷಸರಿಲ್ಲ. ಆಡುವುದೆಂದರೆ ಅಡುಗೆ ಮಾಡುವುದು! ಅವಳ ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದು ಮಾಸಿದೆ. ಹೋದ ಅಕ್ಷರವನ್ನು ನಾವು ಊಹಿಸಿ ಹದ ಹಿಡಿಯಬೇಕು. ಮೊದಲ ಅಧ್ಯಾಯವೇ ಇಡ್ಲಿ. ತಟ್ಟೆಗಳನ್ನು ಹೇಗೆ ಒಂದರ ಮೇಲೊಂದು ಇಟ್ಟರೆ ಹಬೆ ಸರಿಯಾಗಿ ಆಡುತ್ತದೆ ಎಂಬುದೇ ಒಗಟು. ಸಾಫ್ಟ್‌ವೇರ್ ಅಳಿಯ ಎರಡು ಬಾರಿ ಸೋತ. ತಟ್ಟೆ ಇಡ್ಲಿ ಸೀಮೆಯವಳಾದ ನಾನು ಒಂದೇ ಏಟಿಗೆ ಗೆದ್ದೆ. ಅಂದು ಆ ಮನೆಯಲ್ಲಿ ನನ್ನ ಮರ್ಯಾದೆ ಏನೆಂದುಕೊಂಡಿರಿ!

ಒಲೆ ಹೊತ್ತಿದಾಗ ಆಟದೊಳಗಿನ ರೇಡಿಯೋದಲ್ಲಿ ತಮಿಳು ಹಾಡು ಬರುತ್ತದೆ, ಒಗ್ಗರಣೆಯ ಚಟಪಟ ಸದ್ದೂ ಬರುತ್ತದೆ. ಮಗ ಕವಿನ್ ಹುಟ್ಟುತ್ತಾನೆ, ಶಾಲೆಗೆ ಹೋಗುತ್ತಾನೆ, ಪುಟ್ಟು ಬೇಡ, ಪಿಜ್ಜಾ ಬೇಕು ಎನ್ನುತ್ತಾನೆ. ಅಮ್ಮ ತಮಿಳಿನಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಮನೆಗೆ ಬರುವ ಮಗನಿಗಾಗಿ ಅವಳು ಸಾಲು ಸಾಲು ಅಡುಗೆ ಮಾಡುವ ಭಾಗವಿದೆ. ಆ ಹೊತ್ತಿಗೆ ನನಗೆ ಗಂಟಲುಬ್ಬಿತ್ತು. ಗಂಡ ತೀರಿಕೊಳ್ಳುತ್ತಾನೆ. ಅವಳು ಊರಿಗೆ ಹಿಂದಿರುಗುತ್ತಾಳೆ. ಬೆಳೆದ ಮಗ ಒಬ್ಬನೇ ನಿಂತು ಅಮ್ಮನ ಪುಸ್ತಕ ತೆರೆಯುತ್ತಾನೆ. ಆಗ ಆಟ ಒಂದು ಚಮತ್ಕಾರ ಮಾಡುತ್ತದೆ. ಇಷ್ಟು ಹೊತ್ತೂ ನಮಗೆ ಸಲೀಸಾಗಿ ತಿಳಿಯುತ್ತಿದ್ದ ಬರಹ ಅವನ ಕಣ್ಣಿಗೆ ಅಪರಿಚಿತ. ತಮಿಳು ಅವನಿಗೆ ಸರಿಯಾಗಿ ಓದಲು ಬಾರದು.

ಮೊಮ್ಮಗ ಆಟ ನಿಲ್ಲಿಸಿದ. "ಅಜ್ಜಿ, ನಿಮ್ಮ ಬುಕ್ಕು ನಂಗೆ ಸೇಮ್ ಹಿಂಗೇ ಕಾಣ್ಸುತ್ತೆ" ಎಂದ.

ಅವನು ಹೇಳಿದ್ದು ನನ್ನ ಅಮ್ಮನ ಅಡುಗೆ ಪುಸ್ತಕದ ಮಾತು. ಅಳಿಯ ನಾಗಪುರದವರು, ಬಹಳ ಒಳ್ಳೆಯ ಮನುಷ್ಯ. ಮನೆಯ ಮಾತು ಹಿಂದಿ ಮತ್ತು ಇಂಗ್ಲಿಷು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ದಯೆಯಿಂದ ಹುಡುಗನಿಗೆ ಶಾಲೆಯಲ್ಲಿ ಕನ್ನಡವಿದೆ, ಅಂಕವೂ ಬರುತ್ತದೆ. ಆದರೆ ಪಾಠವಾಗಿ ಬಂದದ್ದು ಮಾತಾಗಿ ಬಂದಿರಲಿಲ್ಲ. ನನ್ನೊಡನೆ ನಾಲ್ಕು ಮಾತಾಡಿ ಐದನೆಯದಕ್ಕೆ ಇಂಗ್ಲಿಷಿಗೆ ಜಾರುತ್ತಾನೆ. "ಮೇಲೆ ಬಿದ್ದು ಕಲಿಸಬೇಡಮ್ಮಾ, ದ್ವೇಷ ಬಂದುಬಿಡುತ್ತೆ" ಎಂದು ಮಗಳು ಹಿಂದೊಮ್ಮೆ ಖಾರವಾಗಿಯೇ ಹೇಳಿದ್ದಳು. ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಕನ್ನಡ ಕಲಿಸಿದವಳು ನಾನು. ಆ ಮಾತು ಎಲ್ಲಿ ಚುಚ್ಚಿತೆಂದು ನೀವೇ ಊಹಿಸಿ. ಕೆನಡಾಕ್ಕೆ ಹೋಗಬೇಕಿಲ್ಲ, ವೆಣ್ಬಾಳ ಕಥೆ ನೇರಳೆ ಮಾರ್ಗದ ಕೊನೆಯ ನಿಲ್ದಾಣದಲ್ಲೇ ನಡೆಯುತ್ತದೆ ಎಂದುಕೊಂಡೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಆಮೇಲೆ ಬಂದು ನಮ್ಮ ಜೊತೆ ಕೂತು ಕೊನೆಯವರೆಗೂ ನೋಡಿದಳು.

ಮುಂದಿನ ಶನಿವಾರ ನಾನು ಆ ಪುಸ್ತಕ ಹಿಡಿದುಕೊಂಡು ಹೋದೆ. ಹಳೆಯ ರೂಲು ಹಾಳೆ, ನೀಲಿ ಶಾಯಿ, ಅಮ್ಮನ ಕೂಡು ಅಕ್ಷರ. ಹುಡುಗ ಅದನ್ನು ಆಟದ ಒಗಟಿನಂತೆಯೇ ಎದುರಿಗಿಟ್ಟುಕೊಂಡ. ಸಾರಿನ ಪುಡಿಯ ಪುಟದಲ್ಲಿ "ಒಂದು ಹಿಡಿ ಕೊತ್ತಂಬರಿ ಬೀಜ" ಎಂದು ತಡವರಿಸಿ ಓದಿ, "ಯಾರ ಹಿಡಿ ಅಜ್ಜಿ? ನಿಮ್ದಾ, ನಂದಾ?" ಎಂದ. ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಪ್ರಶ್ನೆ. ಅಮ್ಮನ ಕೈ ನನ್ನದಕ್ಕಿಂತ ಸಣ್ಣದು. ಕೊನೆಗೆ ಅವನ ಹಿಡಿಯಲ್ಲೇ ಅಳೆದು, ಅದನ್ನು ತಕ್ಕಡಿಯಲ್ಲಿಟ್ಟು ಗ್ರಾಂ ಬರೆದುಕೊಂಡೆವು. ಅವನು ಬರೆದದ್ದು ಕನ್ನಡದಲ್ಲಿ. 'ಕೊತ್ತಂಬರಿ'ಗೆ ಒತ್ತಕ್ಷರ ತಪ್ಪಿತ್ತು, ನಾನು ತಿದ್ದಲಿಲ್ಲ.

ಈಗ ಹದಿಮೂರು ಪುಟ ಆಗಿದೆ. ಹದಿನಾಲ್ಕನೆಯದು ಹುಳಿಯನ್ನದ ಗೊಜ್ಜು. ಅಲ್ಲಿ ಎಣ್ಣೆ ಬಿದ್ದು ಬೆಲ್ಲದ ಅಳತೆ ಅಳಿಸಿಹೋಗಿದೆ. ಎರಡು ಸಲ ಮಾಡಿ ನೋಡಿದೆವು. ಒಮ್ಮೆ ಪಾಯಸವಾಯಿತು, ಇನ್ನೊಮ್ಮೆ ಹುಳಿಗೆ ಹಲ್ಲು ಚಳಿತು. ಮೂರನೆಯ ಪ್ರಯತ್ನ ಈ ಶನಿವಾರಕ್ಕಿದೆ. ಬೆಲ್ಲ ನಾನು ಒಯ್ಯಬೇಕಂತೆ, ಅವರ ಕಡೆಯ ಅಂಗಡಿಯದು ಚೆನ್ನಾಗಿಲ್ಲವಂತೆ.